ಕುಣಿಯೋಕೊಂದು ನೆಪ

ನಮ್ಮ ಕಡೆ ಗಂಡಸರು ಸುಮ್ಮಸುಮ್ಮನೆ ಕುಣಿಯುವುದಿಲ್ಲ. ನಮ್ಮ ಕಡೆ ಎಂದರೆ ಹುಳಿಯಾರಿನ ಮಗ್ಗುಲಿನ ಕೆಂಕೆರೆ, ಅಲ್ಲಿಂದ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಹೀಗೆ ತೆಂಗಿನ ತೋಟ ಎಲ್ಲಿಯತನಕ ಮುಗಿಯುವುದಿಲ್ಲವೋ ಅಲ್ಲಿಯತನಕ. ಕುಣಿಯಲು ಬರುವುದಿಲ್ಲವೆಂದಲ್ಲ. ತಮಟೆಗೆ ಎರಡು ಏಟು ಬಿದ್ದರೆ ಸಾಕು, ನ್ಯಾಯ ಪಂಚಾಯ್ತಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂರುವ ಯಜಮಾನರ ಹೆಬ್ಬೆರಳೂ ಚಪ್ಪಲಿಯೊಳಗೆ ಮಿಸುಕಾಡತೊಡಗುತ್ತದೆ. ಆದರೆ ಅದಕ್ಕೊಂದು ಕಾರಣ ಬೇಕು. ಅಮ್ಮನವರು ಊರಾಡಲು ಹೊರಡಬೇಕು, ಗಣಪತಿ ಕೆರೆಗೆ ಹೋಗಬೇಕು, ಮದುವೆ ಗಂಡು ಹೂವಿನ ಕಾರು ಹತ್ತಬೇಕು. ಇದ್ಯಾವುದೂ ಇಲ್ಲವೆಂದರೆ, ಮೊಮ್ಮಕ್ಕಳನ್ನು ಮರಿಮಕ್ಕಳನ್ನು ಕಂಡ ಹಿರಿಯ ಜೀವವೊಂದು ತುಂಬಿದ ಮನೆಯಲ್ಲಿ ಕಣ್ಣು ಮುಚ್ಚಬೇಕು.

ಈ ಕೊನೆಯ ಬಾಬತ್ತಿನಲ್ಲಿ ನಮ್ಮ ದೊಡ್ಡಪ್ಪನವರೊಬ್ಬರು ಪರಿಣತರು. ಮದುವೆಯಲ್ಲಿ ಕುಣಿದವರಲ್ಲ, ಜಾತ್ರೆಯಲ್ಲಿ ಕುಣಿದವರಲ್ಲ. ಸಾವಿನ ಮನೆಗೆ ಹೋದರೆ ಮಾತ್ರ ಮೊದಲು ಹೆಣದ ಪಕ್ಕ ಕೂತು ಮನಸಾರೆ ಅಳುವರು. ಆಮೇಲೆ ಕಣ್ಣೊರೆಸಿದ ಅದೇ ಟವಲನ್ನು ಸೊಂಟಕ್ಕೆ ಬಿಗಿದು ತಮಟೆಯವರ ಮುಂದೆ ಹೋಗಿ ನಿಲ್ಲುವರು. ಅಲ್ಲಿಂದ ಮಣ್ಣು ಮಾಡುವ ಜಾಗದವರೆಗೆ ಮೆರವಣಿಗೆ ಅವರದೇ ಸುಪರ್ದಿ. ಊರಿನ ಮುದುಕರು ಕಟ್ಟೆಯ ಮೇಲೆ ಕೂತು, “ಹೋಗೋದಾದ್ರೆ ಇವ್ನು ಗಟ್ಟಿಯಾಗಿರೋವಾಗ್ಲೇ ಹೋಗ್ಬೇಕು ಕಣ್ರಪ್ಪಾ” ಎಂದು ಮಾತಾಡಿಕೊಳ್ಳುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಜಾತ್ರೆಯಲ್ಲಿ ಸೋಮಗಳು ಹೊರಡುವುದನ್ನು ನೋಡಿದವರಿಗೆ ಈ ಲೆಕ್ಕಾಚಾರ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಣ್ಣ ಬಳಿದ ಮರದ ದೊಡ್ಡ ಮೊಗ, ಅಗಲವಾದ ಕಣ್ಣು, ಕೈಯಲ್ಲಿ ಬೆತ್ತ, ಹಿಂದೆ ಅರೆಯ ಸದ್ದು. ಆ ಮೊಗ ಹೊತ್ತ ಮೇಲೆ ಕುಣಿಯುವುದು ಸೋಮ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಫ್ಯಾಟು ಕಡಿಮೆ ಬಂತೆಂದು ಜಗಳ ಆಡಿ ಬಂದ ಮನುಷ್ಯ ಅದರ ಹಿಂದೆ ಇದ್ದಾನೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಂಗಸರಿಗೆ ಈ ರಿಯಾಯಿತಿಯೂ ಇರಲಿಲ್ಲ. ಬೀದಿಯಲ್ಲಿ ನಿಂತು ಅವರು ಕುಣಿಯಬೇಕೆಂದರೆ ದೇವರೇ ಖುದ್ದಾಗಿ ಮೈಮೇಲೆ ಬರಬೇಕಿತ್ತು. ಬಂದಾಗ ನೋಡಬೇಕು, ಇಷ್ಟು ಕಾಲ ಈ ಕಾಲುಗಳು ಎಲ್ಲಿದ್ದವು ಅನ್ನಿಸುತ್ತಿತ್ತು. ಗಂಡ ಪಕ್ಕದಲ್ಲಿ ನಿಂಬೆಹಣ್ಣು ಹಿಡಿದು ಕೈ ಮುಗಿದು ನಿಂತಿರುತ್ತಿದ್ದ. ಅವಳು ಏನು ಬೈದರೂ ಅವತ್ತು ಅದು ಅಪ್ಪಣೆ.

ಇಂಥ ಸೀಮೆಯಲ್ಲಿ, ಹಬ್ಬವಲ್ಲ ಹುಣ್ಣಿಮೆಯಲ್ಲ, ಬರೀ ಕುಣಿಯುವುದಕ್ಕೆಂದೇ ಒಂದು ಸಂಜೆ ಸೇರೋಣ ಎಂದು ನಮ್ಮ ಹೈಸ್ಕೂಲು ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿತ್ತು. ಹಾಕಿದವನು ಬೆಂಗಳೂರಿನಲ್ಲಿರುವ ಗೆಳೆಯ. ಗುಂಪಿನಲ್ಲಿ ಅವನ ಹೆಸರೇ ‘ಬೆಂಗಳೂರು’. ಮಗಳ ಜೊತೆ ಯಾವುದೋ ಪಬ್ಬಿನಲ್ಲಿ ರೆಟ್ರೋ ನೈಟ್ ನೋಡಿ ಬಂದಿದ್ದ. ಹಳೇ ಹಾಡು, ಹಳೇ ಕಾಲದ ಬಟ್ಟೆ, ಮೇಲೆ ತಿರುಗುವ ಕನ್ನಡಿ ಗುಂಡು, ಕೆಳಗೆ ಕುಣಿತ. ಗುರುವಂದನೆ ಮಾಡಿ ಮೇಷ್ಟ್ರುಗಳಿಗೆಲ್ಲ ಶಾಲು ಹೊದಿಸಿ ಆಗಿತ್ತು, ಧರ್ಮಸ್ಥಳ ಪ್ರವಾಸವೂ ಆಗಿತ್ತು. ಉಳಿದದ್ದು ಇದೊಂದೇ.

ಅಂಥ ಮಾತು ಎರಡು ವರ್ಷ ಮುಂಚೆ ಬಂದಿದ್ದರೆ ಯಾರೂ ಹೆಬ್ಬೆಟ್ಟಿನ ಚಿತ್ರವನ್ನೂ ಒತ್ತುತ್ತಿರಲಿಲ್ಲ. 2023ರಲ್ಲಿ ಕೊಬ್ಬರಿ ಕ್ವಿಂಟಲಿಗೆ ಎಂಟು ಸಾವಿರದ ಆಸುಪಾಸಿಗೆ ಇಳಿದು, ಸರ್ಕಾರದ 11,750ರ ಬೆಂಬಲ ಬೆಲೆಗೆ ನೋಂದಣಿ ಮಾಡಿಸಲು ಜನ ಸಾಲುಗಟ್ಟಿದ್ದರು. ಆಗ ಕುಣಿಯುವ ಮಾತಾಡಿದವನನ್ನು ಗುಂಪಿನಿಂದಲೇ ತೆಗೆಯುತ್ತಿದ್ದರು. 2025ರಲ್ಲಿ ಅದೇ ಕೊಬ್ಬರಿ ತಿಪಟೂರಿನ ಹರಾಜಿನಲ್ಲಿ 25 ಸಾವಿರ ದಾಟಿತು. ದಾಟಿದಾಗ ಬಹಳ ಜನರ ಅಟ್ಟದಲ್ಲಿ ಕಾಯೇ ಇರಲಿಲ್ಲ, ಆ ಮಾತು ಬೇರೆ. ಕಪ್ಪು ತಲೆ ಹುಳ ಗರಿ ತಿಂದು, ಬಿಳಿ ನೊಣ ರಸ ಹೀರಿ ಇಳುವರಿ ಕುಸಿದದ್ದೂ ರೇಟು ಏರಲು ಒಂದು ಕಾರಣ. ರೇಟಿದ್ದಾಗ ಕಾಯಿಲ್ಲ, ಕಾಯಿದ್ದಾಗ ರೇಟಿಲ್ಲ ಅನ್ನುವುದು ನಮ್ಮಲ್ಲಿ ಪಂಚಾಂಗದಷ್ಟೇ ಖಾತ್ರಿ. ಆದರೂ ಕೊಬ್ಬರಿಗೆ ರೇಟು ಬಂದ ವರ್ಷ, ಇದ್ದವರು ಇಲ್ಲದವರು ಎಲ್ಲರ ಮುಖದಲ್ಲೂ ಒಂದು ಥರದ ಉದಾರತೆ ಬಂದಿರುತ್ತದೆ. ‘ಮಂಡಿ’ ಎಂದು ಕರೆಸಿಕೊಳ್ಳುವ ಕಾಯಿ ವ್ಯಾಪಾರದ ಗೆಳೆಯ, “ನಮ್ ತೋಟದ ಮನೆ ಮುಂದೇನೇ ಮಾಡನ. ಊಟ ನಂದು” ಎಂದು ಬರೆದ. ಊಟ ಯಾರದೆಂದು ತೀರ್ಮಾನವಾದ ಮೇಲೆ ಉಳಿದ ಚರ್ಚೆಗಳು ಬೇಗ ಮುಗಿಯುತ್ತವೆ.

ಮುಗಿಯದೆ ಉಳಿದದ್ದು ಒಂದೇ: ಹಳೇ ಕಾಲ ಎಂದರೆ ಯಾವ ಕಾಲ? ಗುಂಪಿನಲ್ಲಿ ‘ಮೇಷ್ಟ್ರು’ ಎನ್ನಿಸಿಕೊಂಡವನು ಗುಬ್ಬಿ ಕಂಪನಿಯಿಂದ ಶುರು ಮಾಡಬೇಕೆಂದ. ಅವನ ಅಜ್ಜ ಆ ಕಾಲದ ನಾಟಕ ನೋಡಿದವರು. 1884ರಲ್ಲಿ ಹುಟ್ಟಿದ ಆ ಕಂಪನಿ ನಮ್ಮ ಜಿಲ್ಲೆಯದೇ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದು ಎಂದೆಲ್ಲ ಧ್ವನಿಮುದ್ರಿಕೆ ಕಳಿಸಿದ. ಆನೆ ತರುವವರು ಯಾರು ಎಂದು ಮಂಡಿ ಕೇಳಿದ ಮೇಲೆ ಸುಮ್ಮನಾದ. ಸೌಂಡ್ ಸಿಸ್ಟಮ್ಮಿನ ಹುಡುಗನದು ಇನ್ನೊಂದು ತುದಿ. “ಓಲ್ಡ್ ಹಿಟ್ಸ್ ಒಂದ್ ಫೋಲ್ಡರೇ ಇದೆ ಅಂಕಲ್, ಟೆನ್ಷನ್ ಬೇಡ” ಅಂದ. ತೆರೆಸಿ ನೋಡಿದರೆ ‘ಮುಂಗಾರು ಮಳೆ’ಯಿಂದ ಶುರು. 2006ರ ಸಿನಿಮಾ. ಅದರ ಹಾಡಿಗೆ ನಮ್ಮಲ್ಲಿ ಕೆಲವರು ಮಕ್ಕಳ ಸ್ಕೂಲ್ ಡೇಯಲ್ಲಿ ಕೂತು ಚಪ್ಪಾಳೆ ತಟ್ಟಿದ್ದೇವೆ. ಹುಡುಗ ಹುಟ್ಟಿದ್ದೇ ಅದರ ಮಾರನೇ ವರ್ಷವಂತೆ. ಅವನನ್ನು ಬೈಯುವಂತೆಯೂ ಇರಲಿಲ್ಲ.

ಕೊನೆಗೆ ಗಡಿ ಹಾಕಿದವನು ಡಿಸ್ಕೋ. ಆ ಕಾಲದಲ್ಲಿ ಕರ್ನಾಟಕದ ಪ್ರತಿ ಊರಿಗೂ ಒಬ್ಬ ಡಿಸ್ಕೋ ಇದ್ದ ಎಂದು ನನ್ನ ಅಂದಾಜು. ಒಂದು ಗಣಪತಿ ಪೆಂಡಾಲಿನಲ್ಲಿ ಹದಿನೈದು ನಿಮಿಷ ಕುಣಿದದ್ದಕ್ಕೆ ನಮ್ಮವನಿಗೆ ಆ ಹೆಸರು ಅಂಟಿತು. ಈಗ ಅವನ ಮನೆಗೆ ಬರುವ ಕರೆಂಟು ಬಿಲ್ಲೊಂದರಲ್ಲಿ ಬಿಟ್ಟರೆ ಅವನ ನಿಜವಾದ ಹೆಸರು ಎಲ್ಲೂ ಚಲಾವಣೆಯಲ್ಲಿಲ್ಲ. ಅವನ ತೀರ್ಪು: 1978ರಿಂದ 1987. ‘ಆಪರೇಷನ್ ಡೈಮಂಡ್ ರಾಕೆಟ್’ನಿಂದ ‘ಪ್ರೇಮಲೋಕ’ದವರೆಗೆ. ಮೊದಲನೆಯದರಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲೇ ಹಾಡಿ ಹೆಜ್ಜೆ ಹಾಕಿದರು. ಎರಡನೆಯದರಲ್ಲಿ ಹಂಸಲೇಖ ಮಾತನ್ನೂ ಹಾಡನ್ನೂ ಬೇರೆ ಬೇರೆಯಾಗಿ ಉಳಿಸಲಿಲ್ಲ. ನಡುವೆ 1981ರ ‘ಗೀತಾ’, ಶಂಕರ್‌ನಾಗ್, ಇಳಯರಾಜ. ಹಿಂದಿಯವರಿಗೂ ಒಂದಿಷ್ಟು ಜಾಗ ಇರಲಿ ಎಂದು ‘ಕುರ್ಬಾನಿ’, ‘ಡಿಸ್ಕೋ ಡಾನ್ಸರ್’. ರಾಜ್‌ಕುಮಾರ್ ಮಾತು ಬಂದಾಗ ಗುಂಪಿನಲ್ಲಿ ಒಂದು ಸಮಾಧಾನ ಹರಡಿತು. ಗುಬ್ಬಿ ಕಂಪನಿಯ ರಂಗದಿಂದ ಬಂದು, ಆ ಕಂಪನಿಯವರದೇ ಸಂಸ್ಥೆ ತೆಗೆದ ‘ಬೇಡರ ಕಣ್ಣಪ್ಪ’ನಲ್ಲಿ ನಾಯಕನಾದ ಮನುಷ್ಯ, ಆ ಇಂಗ್ಲಿಷ್ ಹಾಡಿಗೆ ಕುಣಿಯುವಾಗ ಐವತ್ತರ ಹೊಸ್ತಿಲಲ್ಲಿದ್ದರು. ಅಣ್ಣಾವ್ರಿಗೆ ಸಂಕೋಚ ಇರಲಿಲ್ಲವೆಂದ ಮೇಲೆ ನಮಗೇನು?

ಆಮೇಲೆ ಬಟ್ಟೆಯ ಪ್ರಶ್ನೆ. ಬೆಲ್ ಬಾಟಂ ಕಡ್ಡಾಯ ಎಂದಾಯಿತು. 2019ರಲ್ಲಿ ರಿಷಬ್ ಶೆಟ್ಟಿಯ ‘ಬೆಲ್ ಬಾಟಂ’ ಬಂದ ಮೇಲೆ ಕಾಲೇಜು ಹುಡುಗರಿಗೂ ಅದರ ಹೆಸರು ಗೊತ್ತು. ಆದರೆ ನಿಜ ಹೇಳಬೇಕೆಂದರೆ ನಮ್ಮ ಬ್ಯಾಚಿನವರು ಯಾರೂ ಬೆಲ್ ಬಾಟಂ ಹೊಲಿಸಿಕೊಂಡವರಲ್ಲ. ನಾವು ಎಸ್ಸೆಸ್ಸೆಲ್ಸಿಗೆ ಬರುವ ಹೊತ್ತಿಗೆ ಅದರ ಕಾಲ ಮುಗಿದಿತ್ತು. ಅದು ನಮ್ಮ ಅಣ್ಣಂದಿರ, ಚಿಕ್ಕಪ್ಪಂದಿರ ಕಾಲ. ನನ್ನ ಚಿಕ್ಕಪ್ಪ ತಿಪಟೂರಿನಲ್ಲಿ ಓದುವಾಗ ಹೊಲಿಸಿದ್ದ ಒಂದು ಪ್ಯಾಂಟು ನೆನಪಿದೆ. ಹಳದಿ ಕಂದು ಬಣ್ಣದ ಟೆರಿಕಾಟು, ಮಂಡಿಯವರೆಗೆ ಬಿಗಿ, ಅಲ್ಲಿಂದ ಕೆಳಗೆ ಅಗಲ. ಪಾದ ಕಾಣುತ್ತಿರಲಿಲ್ಲ. ನೆಲಕ್ಕೆ ಉಜ್ಜಿ ಅಂಚು ಹರಿಯಬಾರದೆಂದು ಕೆಳಮಡಿಕೆಯ ಸುತ್ತ ಟೈಲರು ಹಿತ್ತಾಳೆ ಜಿಪ್ಪು ಹೊಲಿದಿದ್ದ. ಅದು ತೆರೆಯುವ ಜಿಪ್ಪಲ್ಲ, ಸವೆಯುವುದಕ್ಕೆಂದೇ ಇಟ್ಟದ್ದು. ಚಿಕ್ಕಪ್ಪ ಸಿಮೆಂಟ್ ಜಗಲಿಯ ಮೇಲೆ ನಡೆದರೆ ಸರ್ರ್ ಸರ್ರ್ ಎಂದು ಸದ್ದು. ಆ ಸದ್ದು ಕೇಳಿದರೆ ಅಜ್ಜಿಗೆ ಸಿಟ್ಟು, ಎದುರು ಮನೆಯ ಕಿಟಕಿಗೆ ಸಂಭ್ರಮ. ನಾನು ಚಡ್ಡಿ ಹಾಕಿಕೊಂಡು ಅವನ ಹಿಂದೆ ಹೋಗುತ್ತಿದ್ದೆ, ಆ ಜಿಪ್ಪಿನ ಸದ್ದಿಗಾಗಿ. ಈಗ ನಾವು ಐವತ್ತಾರು ಐವತ್ತೇಳರಲ್ಲಿ ಬೆಲ್ ಬಾಟಂ ಹೊಲಿಸುತ್ತಿದ್ದುದು ಅಣ್ಣಂದಿರ ಯೌವನವನ್ನು ಒಮ್ಮೆ ತೊಟ್ಟು ನೋಡುವ ಹಳೇ ಆಸೆಗೆ. ನಮ್ಮದೇ ಯೌವನದ ಉಡುಪು ತೊಡಬೇಕಿದ್ದರೆ ಅಣ್ಣನ ಪ್ಯಾಂಟನ್ನು ಕತ್ತರಿಸಿ ಚಿಕ್ಕದು ಮಾಡಿದ್ದನ್ನೇ ತೊಡಬೇಕಿತ್ತು.

ಟೈಲರ್ ಅಳತೆ ತೆಗೆಯುತ್ತ, ಸೊಂಟದ ಸುತ್ತಳತೆ ಬರೆದುಕೊಂಡು ಒಂದು ಗಳಿಗೆ ಟೇಪನ್ನೇ ನೋಡುತ್ತ ನಿಂತ. “ಕೆಳ್ಗಡೆ ಎಷ್ಟ್ ಅಗಲ ಬಿಡ್ಲಿ ಸಾರ್?” ಎಂದ. ಸೊಂಟಕ್ಕಿಂತ ಜಾಸ್ತಿ ಇರಲಿ ಎಂದೆ. ಬಟ್ಟೆ ಸಾಲಲ್ಲ ಎಂದ. ಮೇಷ್ಟ್ರು ಬಟ್ಟೆ ಹೊಲಿಸುವ ಗೋಜಿಗೇ ಹೋಗಲಿಲ್ಲ. ಅವನಿಗೆ ನಾಟಕದ ಡ್ರೆಸ್ಸು ಬಾಡಿಗೆ ಕೊಡುವವರ ಪರಿಚಯ. ನಮ್ಮ ಕಡೆ ಊರಿಗೊಂದು ಕುರುಕ್ಷೇತ್ರ ನಾಟಕ ಇನ್ನೂ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ, ಪಾತ್ರಕ್ಕೆ ಇಂತಿಷ್ಟೆಂದು ಪಾತ್ರಧಾರಿಯೇ ದುಡ್ಡು ಹಾಕಬೇಕು. ದುರ್ಯೋಧನನಿಗೆ ಜಾಸ್ತಿ, ವಿದುರನಿಗೆ ಕಡಿಮೆ. ವರ್ಷವಿಡೀ ತಗ್ಗಿದ ದನಿಯಲ್ಲಿ ಸೊಸೈಟಿ ಲೆಕ್ಕ ಬರೆಯುವವನು ಆ ಒಂದು ರಾತ್ರಿ ಗದೆ ಹೊತ್ತು ಆರ್ಭಟಿಸಲು ಸಾಲ ಮಾಡುತ್ತಾನೆ. ಕಿರೀಟ ತಲೆಗೇರಿದ ಮೇಲೆ ಅವನಿಗೂ ನಾಚಿಕೆಯಿಲ್ಲ, ನೋಡುವವರಿಗೂ ಇಲ್ಲ. ನನಗೇನೋ ಈ ಬೆಲ್ ಬಾಟಂ ಕೂಡ ಅದೇ ಜಾತಿಯದು ಅನ್ನಿಸಿತು. ಬರೀ ಪಂಚೆಯಲ್ಲಿ ಬಂದು ಕುಣಿಯಿರಿ ಎಂದಿದ್ದರೆ ನಮ್ಮಲ್ಲಿ ಒಬ್ಬನೂ ಎದ್ದು ನಿಲ್ಲುತ್ತಿರಲಿಲ್ಲ.

ನೆಪ ಬೇಕಾಗುವುದು ಹಳ್ಳಿಯವರಿಗೆ ಮಾತ್ರ ಎಂದುಕೊಂಡಿದ್ದೆ. ಬೆಂಗಳೂರು ತಿದ್ದಿದ. ಅಲ್ಲಿ ಲೈಸೆನ್ಸೇ ಬೇಕಿತ್ತಂತೆ. 2005ರಲ್ಲಿ ಬೆಂಗಳೂರು ನಗರಕ್ಕೆಂದೇ ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿಯ ಆದೇಶ ಬಂತು. 2008ರಲ್ಲಿ ಪೊಲೀಸರು ಅದನ್ನು ಬಿಗಿ ಹಿಡಿದಾಗ ಪಬ್ಬುಗಳಲ್ಲಿ ಕುಣಿತವೇ ನಿಂತಿತು. ಕುಣಿಯಲು ಬಿಡಿ ಎಂದು ಜನ ಬೀದಿಗಿಳಿದು ಪ್ರತಿಭಟನೆಯನ್ನೂ ಮಾಡಿದರು. “ಕುಡಿಯೋಕೆ ಪರ್ಮಿಷನ್ ಇತ್ತು, ಕೂತ್ಕಂಡು ತಲೆ ಅಲ್ಲಾಡಿಸಬಹುದಿತ್ತು. ಎದ್ ನಿಂತ್ಯೋ, ಕೇಸು” ಎಂದ. ಮಂಡಿಗೆ ಇದು ನಂಬಲಾಗಲಿಲ್ಲ. ನಮ್ಮಲ್ಲಿ ಕುಡಿದ ಮೇಲೆ ಕೂತವರಿಗೇ ಜನ ಹೆದರುವುದು.

ಅಂತೂ ಡಿಸೆಂಬರಿನ ಒಂದು ಶನಿವಾರ ಸಂಜೆ ಮಂಡಿಯ ತೋಟದ ಮನೆಯ ಮುಂದಿನ ಕಣದಲ್ಲಿ ಸೇರಿದೆವು. ಮರಗಳಿಂದ ದೂರವಿರಲೆಂದೇ ಕಣ. ತೆಂಗಿಗೆ ಕಣ್ಣಿದೆ, ಮನುಷ್ಯರ ಮೇಲೆ ಬೀಳುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ; ಹಾಗೆ ಹೇಳುವ ಹಿರಿಯರೂ ಗಾಳಿ ಬೀಸಿದರೆ ಜಗಲಿಗೆ ಬಂದು ಕೂರುತ್ತಾರೆ. ಕಣದ ಒಂದು ಪಕ್ಕ ಸುಲಿದ ಮಟ್ಟೆಯ ರಾಶಿ, ಇನ್ನೊಂದು ಪಕ್ಕ ಅಡುಗೆಯವರ ಒಲೆ. ಸೊಗಡಿನ ಅವರೆಕಾಯಿಯ ಕಾಲ. ಹಸಿಕಾಳು ಸಾರಿನ ವಾಸನೆ ಮೊದಲು ಬಂತು, ಹಾಡು ಆಮೇಲೆ.

ಕನ್ನಡಿ ಗುಂಡಿನ ಜವಾಬ್ದಾರಿ ಡಿಸ್ಕೋ ಹೊತ್ತಿದ್ದ. ಬಾಡಿಗೆಗೆ ಸಿಗುತ್ತದೆ ಎಂದರೂ ಕೇಳಲಿಲ್ಲ. ಮಟ್ಟೆ ಸುಲಿಯದ ದಪ್ಪ ಕಾಯೊಂದನ್ನು ಆರಿಸಿ, ಮನೆಯಲ್ಲಿದ್ದ ಹಳೇ ಸೀಡಿಗಳನ್ನು ಕತ್ತರಿಯಲ್ಲಿ ಚೂರು ಮಾಡಿ, ಒಂದೊಂದನ್ನೇ ಅಂಟಿಸಿದ್ದ. ಮಗನ ಮದುವೆಯ ಸೀಡಿಯೂ ಅದರಲ್ಲಿ ಹೋಯಿತೆಂದು ಅವನ ಹೆಂಡತಿ ದೂರು ಹೇಳಿದಳು. ಗುಂಡನ್ನು ನಾರಿನ ಹಗ್ಗದಲ್ಲಿ ಕಣದ ಮೇಲೆ ಎಳೆದಿದ್ದ ತಂತಿಗೆ ನೇತು ಹಾಕಿದ್ದ. ಮೋಟರು ಇರಲಿಲ್ಲ. ಹಗ್ಗವನ್ನು ಚೆನ್ನಾಗಿ ಹುರಿ ಮಾಡಿ ಬಿಟ್ಟರೆ ಗುಂಡು ಬಿಚ್ಚಿಕೊಳ್ಳುತ್ತ ತಿರುಗುವುದು, ಪೂರ್ತಿ ಬಿಚ್ಚಿದ ಮೇಲೆ ಅದೇ ರಭಸಕ್ಕೆ ಆ ಕಡೆ ಹುರಿಗೊಂಡು, ಒಂದು ಕ್ಷಣ ನಿಂತು, ವಾಪಸು ತಿರುಗುವುದು. ಹಾಗಾಗಿ ಬೆಳಕಿನ ಚುಕ್ಕೆಗಳು ಗೋಡೆಯ ಮೇಲೆ, ಮಟ್ಟೆ ರಾಶಿಯ ಮೇಲೆ, ಕಟ್ಟಿದ ಎಮ್ಮೆಯ ಮೈಮೇಲೆ ಒಂದಿಷ್ಟು ಹೊತ್ತು ಬಲಕ್ಕೆ ಓಡಿ, ನಿಂತು, ಎಡಕ್ಕೆ ಓಡುತ್ತಿದ್ದವು. ಎಮ್ಮೆ ಮೊದಲು ಬಾಲದಿಂದ ಹೊಡೆದುಕೊಂಡಿತು. ಆಮೇಲೆ ಅದಕ್ಕೂ ಅಭ್ಯಾಸವಾಯಿತು.

ಹಾಡು ಶುರುವಾಗಿ ಬಹಳ ಹೊತ್ತು ಯಾರೂ ಕುಣಿಯಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಒಬ್ಬರ ಪ್ಯಾಂಟನ್ನು ಒಬ್ಬರು ನೋಡಿಕೊಂಡೆವು. ಕೆಲವರು ಒಬ್ಬೊಬ್ಬರಾಗಿ ಪಂಪ್‌ಹೌಸಿಗೆ ಹೋಗಿ ಮೋಟರು ನೋಡಿಕೊಂಡು ಬಂದರು. ತ್ರೀ ಫೇಸ್ ಕರೆಂಟೇ ಇಲ್ಲದ ಪಾಳಿಯಲ್ಲಿ ಮೋಟರು ನೋಡುವುದೇನಿದೆ ಎಂದು ಯಾರೂ ಕೇಳಲಿಲ್ಲ. ನೋಡಿಕೊಂಡು ಬಂದವರ ನಡಿಗೆ ಸ್ವಲ್ಪ ಹಗುರವಾಗಿತ್ತು. ಆಗ ಡಿಸ್ಕೋ ಎದ್ದ. ಒಂದು ಕೈ ಸೊಂಟದ ಮೇಲೆ, ಇನ್ನೊಂದರ ತೋರುಬೆರಳು ಓರೆಯಾಗಿ ಆಕಾಶಕ್ಕೆ. ಅಮೆರಿಕದಲ್ಲಿ 1977ರಲ್ಲಿ ಬಂದ ‘ಸ್ಯಾಟರ್ಡೇ ನೈಟ್ ಫೀವರ್’ ಸಿನಿಮಾದ ಆ ಭಂಗಿ ಯಾವ ದಾರಿ ಹಿಡಿದು ಕೆಂಕೆರೆಗೆ ಬಂತೋ, ಇವನಂತೂ ಆ ಸಿನಿಮಾ ನೋಡಿದವನಲ್ಲ. ಎಳನೀರು ಕೀಳಲು ಕರೆಸಿದ್ದ ಹುಡುಗ ಅಲ್ಲೇ ನಿಂತಿದ್ದವನು ಬೆರಳು ಹೋದ ದಿಕ್ಕಿನಲ್ಲಿ ಕತ್ತೆತ್ತಿ ನೋಡಿ, “ಯಾವ್ ಗೊನೆ ಅಣ್ಣಾ?” ಎಂದ.

ಆ ನಗುವಿನಲ್ಲಿ ಉಳಿದವರೂ ಎದ್ದೆವು. ಎದ್ದ ಮೇಲೆ ತಿಳಿದದ್ದು: ಹಾಡು ಇಳಯರಾಜರದಾಗಲಿ, ಬಪ್ಪಿ ಲಹರಿಯದಾಗಲಿ, ನಮ್ಮ ಕಾಲಿಗೆ ಗೊತ್ತಿರುವುದು ತಮಟೆಯೊಂದೇ. ಗಿಟಾರಿನ ನುಣುಪಾದ ಮೀಟಿಗೂ ನಾವು ಬಗ್ಗಿ, ಭುಜ ಕುಣಿಸಿ, ಟವಲು ಬೀಸುವ ಜಾಗದಲ್ಲಿ ಬರಿಗೈ ಬೀಸಿ ಕುಣಿದೆವು. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕೂತ ಕಾಯಿಯನ್ನು ಅಲ್ಲಾಡಿಸಿದರೆ, ನೀರೆಲ್ಲ ಇಂಗಿ ಚಿಪ್ಪು ಬಿಟ್ಟ ಗಿಟುಕು ಒಳಗೆ ಗಡಗಡ ಎನ್ನುತ್ತದಲ್ಲ, ನಮ್ಮ ಮೊಣಕಾಲ ಚಿಪ್ಪುಗಳಿಂದಲೂ ಹಾಗೇ ಸದ್ದು ಬರುತ್ತಿತ್ತು. ಮಂಡಿ ಅದನ್ನು ಕೇಳಿ, “ಹದ ಬಂದೈತೆ, ಒಡೀಬಹುದು” ಎಂದು ವ್ಯಾಪಾರದ ಭಾಷೆಯಲ್ಲಿ ತೀರ್ಪು ಕೊಟ್ಟ. ಮೇಷ್ಟ್ರು ಮಾತ್ರ ಬಾಡಿಗೆಗೆ ತಂದ ಮಿರಿಮಿರಿ ಅಂಗಿಯಲ್ಲಿ, ಹಾಡು ಯಾವುದೇ ಇರಲಿ, ದುರ್ಯೋಧನ ಸಭೆಗೆ ಬರುವ ನಡಿಗೆಯಲ್ಲೇ ಕಣ ಸುತ್ತಿದ.

ಹೆಂಗಸರು ಜಗಲಿಯ ಮೇಲೆ ಒಂದು ಸಾಲಾಗಿ ಕೂತಿದ್ದರು. ಬನ್ನಿ ಬನ್ನಿ ಎಂದು ಕರೆದರೆ ಬರಲಿಲ್ಲ. ನಮ್ಮ ಕರೆಯ ಜೋರಿಗೇ ಅವರಿಗೆ ನಾಚಿಕೆಯಾಗಿರಬೇಕು. ‘ಪ್ರೇಮಲೋಕ’ದ ಹಾಡು ಬಂದಾಗ ಜಗಲಿಯ ಹಿಂದಿನ ಕೊಬ್ಬರಿ ಮನೆಯೊಳಗಿಂದ ದಬದಬ ಸದ್ದು ಕೇಳಿತು. ಮಂಡಿಯ ತಂಗಿ ಬಾಗಿಲಿಗೆ ಅಡ್ಡ ನಿಂತು, “ಈಗ ಯಾರೂ ಒಳಗ್ ಬರಬೇಡಿ ಅಣ್ಣಯ್ಯ” ಎಂದಳು. ಒಳಗೆ ಯಾರು ಯಾರು ಕುಣಿದರು, ಹೇಗೆ ಕುಣಿದರು ಎಂಬುದು ನಮಗೆ ಇವತ್ತಿಗೂ ಗೊತ್ತಿಲ್ಲ. ಹೊರಗೆ ಬಂದಾಗ ಎಲ್ಲರ ಮುಖವೂ ಕೆಂಪಾಗಿತ್ತು, ನನ್ನ ಹೆಂಡತಿಯ ಮುಡಿಯ ಹೂವು ಅರ್ಧ ಉದುರಿತ್ತು. ಕೇಳಿದ್ದಕ್ಕೆ, ಸೆಕೆ ಎಂದಳು. ಡಿಸೆಂಬರಿನಲ್ಲಿ.

ಒಂಬತ್ತೂವರೆಯ ಹೊತ್ತಿಗೆ ಪಕ್ಕದ ತೋಟದ ತಾತ ಟಾರ್ಚು ಹಿಡಿದು ಬಂದರು. ಎಂಬತ್ತು ದಾಟಿದವರು. ಸದ್ದಿಗೆ ಜಗಳ ತೆಗೆಯಲು ಬಂದರೆಂದು ಸೌಂಡಿನ ಹುಡುಗ ತಾನಾಗಿಯೇ ವಾಲ್ಯೂಮು ಇಳಿಸಿದ. ತಾತ ಕಣದ ಅಂಚಿನಲ್ಲಿ ನಿಂತು ನಮ್ಮನ್ನೂ ನಮ್ಮ ಪ್ಯಾಂಟುಗಳನ್ನೂ ನೋಡಿ, ದನಿ ತಗ್ಗಿಸಿ, “ಏನ್ರಪ್ಪಾ, ಯಾರಾದ್ರೂ ಹೋದ್ರಾ?” ಎಂದರು.

ಇಲ್ಲ ತಾತ ಎಂದೆವು.

“ಮತ್ತೆ, ಮದ್ವೆ?”

ಅದೂ ಇಲ್ಲ.

“ದೇವ್ರುದಾ?”

ಏನೂ ಇಲ್ಲ, ಸುಮ್ಮನೆ ಎಂದು ಹೇಳಲು ಬೆಂಗಳೂರು ಬಾಯಿ ತೆರೆದ. ಮೇಷ್ಟ್ರಿಗೆ ಊರಿನ ನಾಡಿ ಗೊತ್ತು. ಅವನನ್ನು ತಡೆದು, ಡಿಸ್ಕೋನ ಭುಜ ಹಿಡಿದು ಮುಂದೆ ತಂದು, “ಇವನಿಗೆ ಅರವತ್ತು ತುಂಬ್ತು ತಾತ. ಬೆಳಿಗ್ಗೆ ಶಾಂತಿ ಮಾಡಿಸಿದ್ವಿ” ಎಂದ. ತಲೆಗೆ ಹಿಂದಿನ ದಿನವಷ್ಟೇ ಬಣ್ಣ ಹಚ್ಚಿಸಿಕೊಂಡಿದ್ದ ಡಿಸ್ಕೋನ ಮುಖ ನೋಡುವಂತಿತ್ತು. ತಾತನಿಗೆ ಸಮಾಧಾನವಾಯಿತು. “ಹೇಳೋದಲ್ವೇನ್ರಪ್ಪಾ ಮೊದ್ಲೇ” ಎನ್ನುತ್ತ ಬನಿಯನ್ನಿನ ಜೇಬಿಗೆ ಕೈ ಹಾಕಿ, ನಾಲ್ಕು ಮಡಿಕೆಯ ನೂರರ ನೋಟು ತೆಗೆದರು. ಒಂದು ರೂಪಾಯಿ ಚಿಲ್ಲರೆ ಇರಲಿಲ್ಲ. ನಮ್ಮಿಂದಲೇ ಒಂದು ರೂಪಾಯಿ ಇಸಕೊಂಡು, ನೋಟಿನ ಮೇಲಿಟ್ಟು, ನೂರೊಂದು ಮಾಡಿ ಡಿಸ್ಕೋನ ಕೈಗಿಟ್ಟು ತಲೆ ಮುಟ್ಟಿದರು. ಮುಯ್ಯಿ ಬರೆದುಕೊಳ್ಳುವವರೆಗೆ ಕದಲಲಿಲ್ಲ. ಹಾಡಿನ ಪಟ್ಟಿಯ ಹಾಳೆಯ ಹಿಂದೆ ಮೇಷ್ಟ್ರು ದಪ್ಪ ಅಕ್ಷರದಲ್ಲಿ ಬರೆದ, ಓದಿ ಹೇಳಿದ.

ಆಮೇಲೆ ತಾತ ಟಾರ್ಚನ್ನು ನನ್ನ ಕೈಗೆ ಕೊಟ್ಟು, ಹೆಗಲ ಮೇಲಿನ ವಲ್ಲಿಯನ್ನು ಸೊಂಟಕ್ಕೆ ಬಿಗಿದರು. ಶಂಕರ್‌ನಾಗ್ ಹಾಡು ಓಡುತ್ತಿತ್ತು. ತಾತ ಅದರ ಗೊಡವೆಗೇ ಹೋಗದೆ, ಒಳಗೆಲ್ಲೋ ಕೇಳುತ್ತಿದ್ದ ಬೇರೆ ಯಾವುದೋ ವಾದ್ಯಕ್ಕೆ, ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹಾಕುತ್ತ ಒಂದು ಸುತ್ತು ಕುಣಿದರು. ಅವತ್ತಿನ ರಾತ್ರಿ ತಪ್ಪಿಲ್ಲದೆ ಕುಣಿದವರು ಅವರೊಬ್ಬರೇ. ಹತ್ತಕ್ಕೆ ಸೌಂಡಿನ ಹುಡುಗ ಮೈಕು ಬಂದ್ ಮಾಡಿದ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಾಕಬಾರದೆಂದು 2000ದಿಂದಲೂ ಕಾನೂನಿದೆ, ಅವನಿಗೆ ಸೆಟ್ಟು ಸ್ಟೇಷನ್ನಿಗೆ ಹೋಗುವ ಭಯ. ತಾತ ಮುದ್ದೆ ಉಂಡು, ಇನ್ನೊಂದು ಸೌಟು ಸಾರು ಹಾಕಿಸಿಕೊಂಡು ಹೋದರು.

ಈಗ ಆಗಿರುವುದೇನೆಂದರೆ, ತಾತನ ಮೊಮ್ಮಗಳ ಮದುವೆ ಕಾರ್ಡು ಬಂದಿದೆ. ನೂರೊಂದಕ್ಕೆ ನೂರೊಂದೇ ಹಾಕುವ ಹಾಗಿಲ್ಲ, ಏರಿಸಿ ಹಾಕಬೇಕು. ಅದು ಡಿಸ್ಕೋ ಒಬ್ಬನ ಸಾಲವೋ ಬ್ಯಾಚಿನದೋ ಎಂದು ಗುಂಪಿನಲ್ಲಿ ವಾದ ನಡೆದಿದೆ. ಅದಾದರೂ ತೀರುತ್ತದೆ. ಡಿಸ್ಕೋಗೆ ನಿಜವಾಗಿ ಅರವತ್ತು ತುಂಬಲು ಇನ್ನೂ ಮೂರು ವರ್ಷವಿದೆ, ತಾತ ನೋಡಿದರೆ ಗಟ್ಟಿಮುಟ್ಟಾಗಿದ್ದಾರೆ. ಆಗ ಅವರ ಮನೆಗೆ ಹೋಗಿ ಏನೆಂದು ಕರೆಯುವುದು ಎಂದು ಡಿಸ್ಕೋ ಕೇಳಿದ. ಮೇಷ್ಟ್ರು ಯೋಚಿಸಿ ಹೇಳುತ್ತೇನೆಂದ. ಮಂಡಿ ಮಾತ್ರ ಒಂದೇ ಸಾಲು ಬರೆದ: “ಮೊದ್ಲು ಆ ವರ್ಷ ಕೊಬ್ಬರಿ ರೇಟ್ ಏನಾಗಿರ್ತದೋ ನೋಡನ ತಡೀರಿ.”